ದೊಡ್ಡಪ್ಪನ ಎಳನೀರು

ಎಳನೀರು ಕೆತ್ತುವಾಗಿನ ಹಸಿ ವಾಸನೆ ಬಂದರೆ ಈಗಲೂ ದೊಡ್ಡಪ್ಪನ ಬೆವೆತ ಮುಖ ಕಣ್ಮುಂದೆ ಬರುತ್ತದೆ, ನನಗೆ ಖುಷಿಯಾಗುತ್ತದೆ.

ಮಂಕು ಹಿಡಿದು ಮಾತೇ ಬಿಟ್ಟಿದ್ದ ಅಪ್ಪನಿಗೆ ತಿಪಟೂರಿನ ಮನಸ್ಸಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಇದರ ಜೊತೆ ಕುಡಿದರೆ ನಿದ್ದೆಯಲ್ಲೇ ಉಸಿರು ನಿಂತೀತು ಎಂದು ಎಚ್ಚರಿಸಿದ್ದರು. ಅಮ್ಮ ಅದನ್ನು ದೊಡ್ಡಪ್ಪನಿಗೂ ಹೇಳಿದ್ದಳು. ಅವನು ನಕ್ಕು, ಎಳನೀರಿನ ಬುರುಡೆಗೇ ಬ್ರಾಂದಿ ಸುರಿದು ಅಪ್ಪನ ಕೈಗಿಟ್ಟಿದ್ದ.

"ಮಾತ್ರೆ ಉಷ್ಣ ಕಣ್ಲಾ, ಎಳನೀರು ತಂಪು. ಏನೂ ಆಗಲ್ಲ, ಕುಡಿ."

ಮಾರನೆಯ ಬೆಳಿಗ್ಗೆ ಅಪ್ಪ ಏಳಲಿಲ್ಲ.

ತಿಥಿಯ ದಿನ ಮಧ್ಯಾಹ್ನ, ಅಪ್ಪನಿಗೆ ಇಷ್ಟವಾದದ್ದನ್ನೆಲ್ಲ ಎಡೆಗಿಡುವಾಗ, ದೊಡ್ಡಪ್ಪ ಮತ್ತೆ ಬ್ರಾಂದಿ ಬೆರೆಸಿದ ಎಳನೀರು ತಂದ. "ನನ್ ತಮ್ಮಂಗೆ ಇದಂದ್ರೆ ಪ್ರಾಣ" ಎಂದು ಟವೆಲಿನಿಂದ ಕಣ್ಣೊರೆಸಿಕೊಂಡ.

ಅಮ್ಮ ಅಳಲಿಲ್ಲ. ನೆಂಟರೆಲ್ಲ ಊಟಕ್ಕೆ ಕೂತ ಮೇಲೆ, ಎಡೆಯ ಮುಂದಿದ್ದ ಆ ಬುರುಡೆಯನ್ನು ತಂದು ದೊಡ್ಡಪ್ಪನ ಎಲೆಯ ಪಕ್ಕ ಇಟ್ಟಳು. ಸೆರಗಿನ ಗಂಟು ಬಿಚ್ಚಿ, ಅಪ್ಪ ಉಳಿಸಿಹೋಗಿದ್ದ ಮಾತ್ರೆಗಳನ್ನು ಎಲೆಯ ತುದಿಗೆ, ಉಪ್ಪು ಬಡಿಸುವ ಜಾಗಕ್ಕೆ ಸುರಿದಳು.

"ಎಡೆಗಿಟ್ಟಿದ್ದು ಭಾವ, ಬ್ಯಾಡ ಅನ್ಬಾರ್ದು."

ಪಂಕ್ತಿಯಲ್ಲಿ ಯಾರೂ ತುತ್ತೆತ್ತಲಿಲ್ಲ. ನಾನು ಅವನ ಎದುರಿನ ಎಲೆಯಲ್ಲಿದ್ದೆ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಕೈ ಮಾತ್ರ ತೊಡೆ ಬಿಟ್ಟು ಮೇಲೇಳಲಿಲ್ಲ.

ಅಮ್ಮ ಅವನ ಮುಂದೆಯೇ ಕುಕ್ಕರುಗಾಲಲ್ಲಿ ಕೂತಳು.

"ಯಾಕ್ ಭಾವ? ತಂಪಲ್ವಾ?"