ಕರೆ ಬಂದವರು

ಬಟ್ಟೆ ನೆನೆಹಾಕುತ್ತಿದ್ದ ಅಮ್ಮ ದಿಂಬಿನ ಕವರು ಕೊಡವಿದರೆ, ಬೆಳಗಿನಿಂದ ಹುಡುಕುತ್ತಿದ್ದ ಫೋನು ಹಾಸಿಗೆಯ ಮೇಲೆ ಧೊಪ್ಪನೆ ಬಿತ್ತು. ಬಾಗಿಲ ಮರೆಯಲ್ಲಿ ಮಗಳು ಉಗುರು ಕಚ್ಚುತ್ತಿದ್ದಳು.

"ನಿಂದೇನಾ ಈ ಕೆಲ್ಸ? ಯಾಕೇ ಬಚ್ಚಿಟ್ಟೆ?"

"ದೇವ್ರು ಫೋನ್ ಮಾಡಬಾರ್ದು ಅಂತ."

ನಿನ್ನೆ ಚರ್ಚಿನಲ್ಲಿ ಸೇವಕರ ಪರಿಚಯ ನಡೆದಿತ್ತು. ಲಾರಿ ಓಡಿಸುತ್ತಿದ್ದವರೊಬ್ಬರು ದೇವರ ಕರೆ ಬಂದದ್ದೇ ಲಾರಿ ಬಿಟ್ಟು ಪಾದ್ರಿಯಾದರಂತೆ. ನರ್ಸಾಗಿದ್ದ ಅಮ್ಮನೂ ಕರೆ ಬಂದದ್ದೇ ಆಸ್ಪತ್ರೆ ಬಿಟ್ಟು ಚರ್ಚಿನ ಸೇವೆಗೆ ಸೇರಿದಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಪೆದ್ದಿ, ಆ ಕರೆ ಫೋನಿಗೆ ಬರಲ್ಲ ಕಣೇ. ಇಲ್ಲಿಗೆ ಬರತ್ತೆ," ಎಂದು ತನ್ನ ಎದೆ ಮುಟ್ಟಿ ತೋರಿಸಿದಳು.

ಮಗಳು ಓಡಿಬಂದು ಆ ಎದೆಗೇ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದಳು. ಅಮ್ಮನ ಒದ್ದೆ ಕೈ ತಲೆ ಸವರಿದಾಗ ಕೊನೆಗೂ ಬಾಯಿಬಿಟ್ಟಳು:

"ಇನ್ನೊಂದ್ಸಲ ಬಂದ್ರೆ ನನ್ನನ್ನೂ ಬಿಟ್ಟುಬಿಡ್ತೀಯಾ ಅಮ್ಮಾ?"