ತಳದಲ್ಲಿದ್ದ ಮುದ್ರೆ

ಟ್ರೇ ಮೇಲಿದ್ದ ಕಪ್ಪೊಂದನ್ನು ತಿರುವಿ ನೋಡಿದ ಸ್ಟೋರ್ ಸಾಹೇಬರ ಎದೆ ಧಸಕ್ಕೆಂದಿತು. ತಳದಲ್ಲಿ ನೀಲಿ ಅಕ್ಷರಗಳ ಮುದ್ರೆ: ‘ರೈಲ್ವೆ ಸ್ವತ್ತು’. ಹೊರಗಿನ ಕೋಣೆಯಲ್ಲಿ, ರೈಲ್ವೆಯವರೆಲ್ಲ ‘ಮೀಸೆ’ ಎಂದೇ ಕರೆಯುತ್ತಿದ್ದ ಹಳೇ ಅಡುಗೆಯವನು ಆಗಲೇ ಬಂದು ಕೂತಿದ್ದ.

“ಇದನ್ಯಾಕೆ ತೆಗೆದೆ?” ಸಾಹೇಬರು ಮಗಳ ಮೇಲೆ ಪಿಸುದನಿಯಲ್ಲೇ ರೇಗಿದರು.

“ನಿಮಗೇ ಅಂತ ತಂದಿದ್ದು ಅಪ್ಪಾ. ಹಳೇ ಊಟದ ಬೋಗಿಯ ಸೆಟ್ಟಿನ ನಕಲು. ನೀಲಿ ಅಂಚು, ಚಕ್ರದ ಗುರುತು, ಮುದ್ರೆ, ಎಲ್ಲಾ ಆಗಿನ ಹಾಗೇ ಮಾಡಿದಾರೆ. ಚೆನ್ನಾಗಿಲ್ವಾ?”

“ಚೆನ್ನಾಗಿರೋದೇ ನನ್ನ ಗ್ರಹಚಾರ! ಹಳೇ ಕಪ್ ಎಲ್ಲಿ?”

“ಹೊಸದು ಬಂತಲ್ಲ ಅಂತ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.”

ಸಾಹೇಬರು ನೌಕರಿಯುದ್ದಕ್ಕೂ ನೋಡಿಕೊಂಡದ್ದು ಊಟದ ಬೋಗಿಗಳ ಪಿಂಗಾಣಿ ಸ್ಟೋರು. ಒಂದು ಚಮಚ ಕಡಿಮೆಯಾದರೂ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಕೆಲಸ ಮುಗಿಸಿ ಹೊರಟವರ ಚೀಲಗಳನ್ನು ಗೇಟಿನಲ್ಲಿ ನಿಂತು ತಾವೇ ತಡಕುತ್ತಿದ್ದರು. ಒಮ್ಮೆ ಬೋಗಿಯ ಅಡುಗೆಯವನಾದ ಈ ಮೀಸೆಯ ಚೀಲದಿಂದ, ಟವೆಲಿನಲ್ಲಿ ಸುತ್ತಿದ್ದ ಸಾಸರೊಂದು ಹೊರಬಿತ್ತು. ಎಲ್ಲರೆದುರು ಅವನ ಮಾನ ಹೋಯಿತು, ಬಡ್ತಿಯೂ ತಪ್ಪಿತು. ಅಂದಿನಿಂದ ಮೀಸೆ ಇವರಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಉಳಿದವರಾದರೂ ಮಾತಾಡಿಸುತ್ತಿದ್ದುದು ಹೆದರಿಕೆಗೆ. ನಿವೃತ್ತಿಯಾದ ಮೇಲೆ ಆ ಹೆದರಿಕೆಯೂ ಉಳಿಯದೆ, ರೈಲ್ವೆಯವರೊಬ್ಬರೂ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ‘ಬರದಿದ್ದರೆ ನನಗೇನು’ ಅನ್ನುತ್ತಲೇ ಸಾಹೇಬರು ದಿನಾ ಸಂಜೆ ಬೀದಿಗೆ ಮುಖ ಮಾಡಿ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಜನ ಬೇಕಾಗಿತ್ತು ಅವರಿಗೆ, ತುಂಬಾ ಬೇಕಾಗಿತ್ತು. ಇವತ್ತು ಮೀಸೆ ಬಂದದ್ದೂ ಹೆಂಡತಿಯ ಕಾಟ ತಾಳಲಾರದೆ, ಮೊಮ್ಮಗಳ ಮದುವೆಗೆ ಕರೆಯಲು. ಮುಳ್ಳಿನ ಮೇಲೆ ಕೂತವನ ಹಾಗೆ ಕುರ್ಚಿಯ ತುದಿಯಲ್ಲಿದ್ದ.

ಸಾಹೇಬರು ಕಪ್ಪುಗಳಿಗೆ ಚಹಾ ಸುರಿದು, ಟೀ ಪಾಟಿನ ಸಮೇತ ಟ್ರೇ ತಾವೇ ತಂದಿಟ್ಟರು. “ಕಪ್ ಎತ್ತಬೇಡ ಮೀಸೆ, ಕೈ ಸುಡುತ್ತೆ. ಹಾಗೇ ಬಗ್ಗಿ ಕುಡಿ.”

“ಬೋಗಿ ಅಲ್ಲಾಡ್ತಿದ್ದಾಗ್ಲೂ ಎತ್ಕೊಂಡೇ ಕುಡಿದೋನು ನಾನು, ಸಾಹೇಬ್ರೇ.”

“ಈ ಕಪ್ಪಿನ ರೀತೀನೇ ಬೇರೆ. ಬಗ್ಗು, ಬಗ್ಗು.”

ಕರೆಯಲು ಬಂದ ಮನೆಯಲ್ಲಿ ವಾದ ಯಾಕೆಂದು ಮೀಸೆ ಬಗ್ಗಿದ. ಅವನ ಮೀಸೆಯ ಎರಡೂ ತುದಿ ಚಹಾದಲ್ಲಿ ಅದ್ದಿದವು. ಸದ್ಯ ಬಚಾವಾದೆ ಎಂದು ಸಾಹೇಬರು ನಿರಾಳವಾಗಿ ತಮ್ಮ ಕಪ್ಪನ್ನೆತ್ತಿ ದೊಡ್ಡದೊಂದು ಗುಟುಕು ಕುಡಿದರು. ಬಗ್ಗಿದವನ ಕಣ್ಣಿಗೆ ಅದರ ತಳ ಸರಿಯಾಗಿ ಕಂಡಿತು.

“ಸಾಹೇಬ್ರೇ... ನೀವೂನಾ?”

“ಅಯ್ಯೋ ಇಲ್ಲಪ್ಪ! ಇದು ಅಂಗಡಿಯದು. ಹೊಸದು. ನಕಲು!”

“ಅಂಗಡೀಲಿ ರೈಲ್ವೆ ಸ್ವತ್ತು ಮಾರ್ತಾರಾ?”

“ಈಗ ಅದಕ್ಕೇ ಗಿರಾಕಿ ಜಾಸ್ತಿಯಂತೆ ಕಣೋ. ಪರಂಪರೆ ಅಂತಾರಂತೆ.”

“ಎಂಥಾ ಕಥೆ ಕಟ್ತೀರಿ! ಸಿಕ್ಕಿಬಿದ್ದ ದಿನ ನನಗೆ ಇಷ್ಟು ಚೆನ್ನಾಗಿ ಹೊಳೀಲೇ ಇಲ್ಲ ನೋಡಿ.”

ಸಾಹೇಬರು ಒಳಗೋಡಿ ಸೆಟ್ಟಿನ ಪೆಟ್ಟಿಗೆಯನ್ನು ಹುಡುಕಿ ತೆಗೆದರು. ‘ಹಳೆಯ ಮಾದರಿಯ ಹೊಸ ಸೆಟ್’ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲೇ ಇತ್ತು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಮೀಸೆ ಕುರ್ಚಿಗೆ ಒರಗಿ, ಕಾಲು ಚಾಚಿ, ಮೀಸೆ ಒರೆಸಿಕೊಳ್ಳುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಈ ಪೆಟ್ಟಿಗೆ ತೋರಿಸಿದರೆ ತಮ್ಮ ಹೆಸರೇನೋ ಉಳಿದೀತು, ಆದರೆ ಅವನು ಮತ್ತೆ ಕುರ್ಚಿಯ ತುದಿಗೆ ಸರಿಯುತ್ತಾನೆ. ಸಾಹೇಬರು ಪೆಟ್ಟಿಗೆಯನ್ನು ಕೆಳಗಿಟ್ಟು, ಕಾಲಿನಿಂದ ಬಾಗಿಲ ಹಿಂದಕ್ಕೆ ತಳ್ಳಿದರು.

“ಟೀ ಪಾಟೂ ಇದೆಯಲ್ಲ! ಇಷ್ಟು ದೊಡ್ಡದನ್ನ ಗೇಟ್ ದಾಟಿಸಿದ್ದು ಹೇಗೆ?”

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಬಂದು ಎದುರು ಕೂತರು. “ಗೇಟಲ್ಲಿ ಎಲ್ಲರ ಚೀಲ ನೋಡ್ತಿದ್ದೋನು ನಾನೇ ಅಲ್ವೇನೋ,” ಎಂದರು ಸಾಹೇಬರು. “ನನ್ನ ಚೀಲ ಯಾರು ನೋಡ್ತಿದ್ರು?”

ಮೀಸೆ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಅಯ್ಯೋ ಕಳ್ಳಾ! ಇಷ್ಟು ವರ್ಷ ನಿನ್ನ ಹೆಸರು ಕೇಳಿದ್ರೆ ಮೈ ಉರೀತಿತ್ತಲ್ಲೋ! ತಡಿ, ಬಂದೆ.” ಹಿಂದಿನ ಬೀದಿಯ ತನ್ನ ಮನೆಗೆ ಹೋಗಿ ಏದುಸಿರು ಬಿಡುತ್ತ ವಾಪಸು ಬಂದ. ಕೈಯಲ್ಲಿ ನೀಲಿ ಅಂಚು ಮಾಸಿದ, ಕಿವಿ ಮುಕ್ಕಾದ ಸಕ್ಕರೆ ಬಟ್ಟಲು.

“ನಿನ್ನ ಸೆಟ್ಟಲ್ಲಿ ಇದೊಂದೇ ಇಲ್ಲ. ಇಟ್ಕೋ. ಟೋಪಿ ಒಳಗಿಟ್ಕೊಂಡು, ನಿನಗೇ ಸಲಾಂ ಹೊಡೆದು ಗೇಟ್ ದಾಟಿದ್ದೆ. ನೀನು ತಡಕಿದ್ದು ಚೀಲ ಮಾತ್ರ!”

ಸಾಹೇಬರು ಬಟ್ಟಲನ್ನು ತಿರುವಿ ತಳ ನೋಡಿದರು. ನಾಲಿಗೆ ತುದಿಗೆ ಬಂದ ಗದರಿಕೆಯನ್ನು ಚಹಾದ ಜೊತೆ ನುಂಗಿಕೊಂಡರು. ಹೊರಡುವಾಗ ಮೀಸೆ ಅವರ ಹೆಗಲ ಮೇಲೆ ಕೈ ಹಾಕಿ, “ಮದುವೆಗೆ ಎರಡು ದಿನ ಮೊದಲೇ ಬಂದುಬಿಡು. ಪಾತ್ರೆಪಡಗ ನೋಡ್ಕೊಳ್ಳೋಕೆ ನಿನ್ನಂಥೋನೇ ಬೇಕು,” ಎಂದ. ಸಾಹೇಬರು ಅವನು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಕುಣಿಯುವಷ್ಟು ಖುಷಿಯಾಗಿತ್ತು.

“ಏನಪ್ಪಾ ನೀವು, ಒಂದು ಚಮಚಾನೂ ಕದೀದೆ ಕಳ್ಳ ಅನ್ನಿಸಿಕೊಂಡ್ರಲ್ಲ!” ಎನ್ನುತ್ತ ಮಗಳು ಕಪ್ಪುಗಳನ್ನೆಲ್ಲ ಜೋಡಿಸಿ, ಬಟ್ಟಲನ್ನು ಬೆರಳಿಗೆ ಸಿಕ್ಕಿಸಿಕೊಂಡು ನಲ್ಲಿಯ ಕಡೆ ನಡೆದಳು.

“ಎರಡೂ ಕೈಯಲ್ಲಿ ಹಿಡಿ ಮಗಳೇ!” ಸಾಹೇಬರು ಕೂಗಿಕೊಂಡರು. “ಅದು ನಮ್ಮದಲ್ಲ, ರೈಲ್ವೇದು.”