ಅಡಿಟಿಪ್ಪಣಿಯ ಸಾಕ್ಷಿ

ಬಾಗಿಲು ದಬದಬ ಬಡಿಯಿತು. ಅವಳು ಚಿಲಕ ತೆಗೆಯದೆ ಕುಳಿತಳು.

"ಬದುಕಿದ್ದೀಯೇನೇ?" ಹೊರಗಿನಿಂದ 'ರೇಡಿಯೋ' ಕೂಗಿದಳು, ವಿದ್ಯಾರ್ಥಿನಿಲಯದ ಸುದ್ದಿಯನ್ನೆಲ್ಲ ಬಿತ್ತರಿಸುವ ಗೆಳತಿಗೆ ಅದೇ ಹೆಸರು. "ಇತಿಹಾಸದ ಮೇಡಂ ಕರೀತಿದಾರೆ. ನಿನ್ನ ಪ್ರಬಂಧ ಅವರ ಮೇಜಿನ ಮೇಲಿದೆ. ಪಕ್ಕದಲ್ಲಿ ಯಾರೋ ಮುದುಕರು, ಮುಖ ಗಂಟು ಹಾಕ್ಕೊಂಡು ಕೂತಿದಾರೆ."

ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ತಾನಾಗಿ ಹೆಗಲಿಗೆ ಹೋಯಿತು.

ಮೆಟ್ಟಿಲಿಳಿಯುವಾಗ ಮೂರನೆಯ ಪುಟವೇ ಕಣ್ಣಮುಂದೆ. ಕೋಟೆಗಳ ಚರಿತ್ರೆ ಕುರಿತ ಪ್ರಬಂಧ ಅದು. ಹಿಂದಿನ ಸಲ ಮೇಡಂ ಅಂಚಿನ ತುಂಬ ಕೆಂಪು ಶಾಯಿಯಲ್ಲಿ ಕೇಳಿದ್ದರು: 'ಆಧಾರವೇನು? ಹೀಗೆಂದವರು ಯಾರು?' ಈ ಸಲ ಸಾಲಿಗೊಬ್ಬ ಪಂಡಿತನನ್ನು ನಿಲ್ಲಿಸಿದ್ದಳು. ಊರುಗೋಲುಗಳ ಸಂತೆಯಲ್ಲಿ ನಡೆಯುವ ಕಾಲೇ ಕಾಣದಂತಾಗಿತ್ತು. ಒಂದು ಸಾಲಿನ ಮೂಲವನ್ನು ಮಾತ್ರ ಹೇಳುವಂತಿರಲಿಲ್ಲ. ಹೇಳಿದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ಅದಕ್ಕೆ ಉದ್ಧರಣ ಚಿಹ್ನೆ ತೊಡಿಸಿ, ಅಡಿಯಲ್ಲಿ ಹಳೆಯ ಇತಿಹಾಸಕಾರನೊಬ್ಬನ ಹೆಸರು, ಅವನ ಪುಸ್ತಕದ ಹೆಸರು ಹಚ್ಚಿ, ಪುಟಸಂಖ್ಯೆಯನ್ನೂ ಹುಟ್ಟಿಸಿಬಿಟ್ಟಿದ್ದಳು. ಸತ್ತವರು ಎದ್ದುಬಂದು ಸಾಕ್ಷಿ ನುಡಿಯುತ್ತಾರೆಯೇ?

"ಕೂತ್ಕೋ," ಎಂದರು ಮೇಡಂ. "ನೀನು ಹೆಸರಿಸಿದ ಪುಸ್ತಕ ಎಲ್ಲೂ ಸಿಗಲಿಲ್ಲ. ಬರೆದವರನ್ನೇ ಕೇಳಿದೆ. ಇವರೇ ಅವರು."

ಕೂರಲು ಹೋದವಳು ನಿಂತೇಬಿಟ್ಟಳು. "ನೀವು... ತೀರ್ಕೊಂಡಿದೀರಿ ಅಂತ..."

"ತೀರ್ಕೊಂಡಿದ್ದು ನನ್ನ ಪುಸ್ತಕ. ನಾನಿನ್ನೂ ಇದೀನಿ ಮಗಳೇ." ಮುದುಕರು ಕನ್ನಡಕ ಏರಿಸಿ ಓದಿದರು: "'ಕೋಟೆಯ ಗೋಡೆಯನ್ನು ಅಳೆದರೆ ಸಿಗುವುದು ಒಳಗಿದ್ದವರ ಭಯದ ಎತ್ತರ.' ಈ ಸಾಲು ನಂದಲ್ಲ. ನೀನು ಕೊಟ್ಟ ಪುಟವೂ ನಂದಲ್ಲ. ನನ್ನ ಪುಸ್ತಕ ಅದಕ್ಕೆ ಮುಂಚೇನೇ ಮುಗಿದುಹೋಗುತ್ತೆ!"

ಮೇಡಂ ನಗಲಿಲ್ಲ. "ಸುಳ್ಳು ಆಧಾರ ಕೊಟ್ಟರೆ ಇಡೀ ವರ್ಷ ಹೋಗುತ್ತೆ, ಗೊತ್ತಲ್ಲ? ಯಾರದನ್ನ ಕದ್ದೆ, ಹೇಳು."

"ಗದರಬೇಡಿ," ಎಂದರು ಮುದುಕರು. "ಕೋಟೆಗಳನ್ನ ಸುತ್ತಿ ಸುತ್ತಿ ಆಯುಷ್ಯ ಸವೆಸಿದೆ. ಇಂಥ ಮಾತು ನನಗೆ ಹೊಳೀಲಿಲ್ಲ. ಹೊಳೆದವರ ಕೈ ಕುಲುಕೋಣ ಅಂತ ಬಂದೆ. ಯಾರಮ್ಮ ಅವರು?"

ಮೇಜಿನ ಮೇಲೆ ಕೆಂಪು ಪೆನ್ನಿನ ಮುಚ್ಚಳ ತೆರೆದೇ ಇತ್ತು. ಅವಳು ಅದನ್ನು ನೋಡುತ್ತಲೇ ಹೇಳಿದಳು.

"ನಾನು, ಸರ್."